ಎಷ್ಟು ರೊಕ್ಕ, ಯಾವಾಗ ರೊಕ್ಕ

(ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಕೆಲವು ವ್ಯಾಪಾರಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ವೇಗವಾಗಿ ಬೆಳೆಯುತ್ತಿರುವ ಏಷ್ಯಾದ ದೇಶಗಳಲ್ಲಿ ಸಾಫ್ಟ್‌ವೇರಿಗೆ ಬೆಲೆ ಹೇಗೆ ಕಟ್ಟುತ್ತಾರೆ ಅನ್ನೋದು ಇವತ್ತಿನ ವಿಷಯ. ಥಾಯ್ಲೆಂಡ್, ಚೀನಾ, ಮಲೇಷ್ಯಾ ಎಲ್ಲ ಬರುತ್ತವೆ. ಆದರೆ ನಾನು ನಮ್ಮ ಖಡೇಬಜಾರದಿಂದ ಶುರು ಮಾಡುತ್ತೇನೆ. ಬೆಲೆಯ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧದಷ್ಟನ್ನು ಅಲ್ಲಿನ ಒಂದು ಬಟ್ಟೆ ಅಂಗಡಿಯಲ್ಲಿ, ಒಂದೇ ಸಂಜೆ ಕಲಿತವನು ನಾನು.

ಅಂಗಡಿಗಳಿಗೆ ಬಿಲ್ ಮಾಡುವ, ಸ್ಟಾಕ್ ನೋಡುವ, ಉದ್ರಿ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮದು. ಶುರುವಿನಲ್ಲಿ ಮೂರು ಪ್ಲಾನ್ ಇಟ್ಟಿದ್ದೆವು. ಚಿಕ್ಕ ಪ್ಲಾನ್ ಅಗ್ಗ, ಆದರೆ ದಿನಕ್ಕೆ 60 ಬಿಲ್ ಮಾತ್ರ. ಈ ಅಂಗಡಿಯಲ್ಲಿ ದಿನಕ್ಕೆ 25-30 ಬಿಲ್ ಆಗುತ್ತಿತ್ತು. 60 ಅಂದ್ರೆ ಡಬಲ್, ಧಾರಾಳ ಆಯಿತು ಅಂದುಕೊಂಡು ಅವರಿಗೆ ಚಿಕ್ಕ ಪ್ಲಾನನ್ನೇ ಕೊಟ್ಟೆ.

ದೀಪಾವಳಿಗೆ ಎರಡು ದಿನ ಮುಂಚೆ, ಸಂಜೆ ಏಳಕ್ಕೆ ಫೋನ್ ಬಂತು. ಟಿಳಕವಾಡಿಯಿಂದ ಗಾಡಿ ತಗೊಂಡು ಓಡಿದೆ. ಆ ಗರ್ದಿಯಲ್ಲಿ ಗಾಡಿ ಮುಂದೆ ಹೋಗಲಿಲ್ಲ, ದೂರದಲ್ಲೇ ನಿಲ್ಲಿಸಿ ನಡೆದುಕೊಂಡು ಹೋದೆ. ಕೌಂಟರಿನ ಮುಂದೆ ಏಳೆಂಟು ಹೆಣ್ಣುಮಕ್ಕಳು, ಕೈಯಲ್ಲಿ ಸೀರೆ, ಮಕ್ಕಳ ಅಂಗಿ. ಕಂಪ್ಯೂಟರಿನ ಮೇಲೆ ನಾನೇ ಬರೆದ ಸಾಲು: ‘ಇಂದಿನ ಮಿತಿ ಮುಗಿದಿದೆ. ದೊಡ್ಡ ಪ್ಲಾನ್ ತೆಗೆದುಕೊಳ್ಳಿ.’ ಅಂಗಡಿಯ ಯಜಮಾನರು, ನಮ್ಮ ಅಪ್ಪನ ವಯಸ್ಸಿನವರು, ಗಾದಿಯ ಕೆಳಗಿನಿಂದ ಹಳೇ ಬಿಲ್ ಬುಕ್ ತೆಗೆದು, ಕಾರ್ಬನ್ ಹಾಳೆ ಸರಿಮಾಡಿಕೊಂಡು ಪೆನ್ನಿನಲ್ಲಿ ಬರೆಯುತ್ತಿದ್ದರು. ನನ್ನನ್ನು ಬೈಯಲಿಲ್ಲ. ತಲೆ ಎತ್ತದೇ ಇಷ್ಟೇ ಅಂದರು: “ತಮ್ಮಾ, ದೀಪಾವಳಿ ನನಗ ವರ್ಷಕ್ಕ ಒಮ್ಮೆ ಬರತೈತಿ. ಇವತ್ತ ಕೈ ಕೊಟ್ಟರ ಹ್ಯಾಂಗ?”

ಅಲ್ಲೇ ನಿಂತು ಮೊಬೈಲಿನಿಂದ ಮಿತಿ ತೆಗೆದೆ. ಆದರೆ ಮುಂದಿನ ವರ್ಷ ಅವರು ನಮ್ಮ ಸಾಫ್ಟ್‌ವೇರ್ ಮುಂದುವರಿಸಲಿಲ್ಲ. ಅದು ಸರಿಯೇ. ಅವರ ವರ್ಷದ ದೊಡ್ಡ ದಿನದಂದು, ಗಿರಾಕಿಗಳ ಮುಂದೆ, ನಾನು ಅವರ ಕೈ ಕಟ್ಟಿಹಾಕಿದ್ದೆ.

ಈಗ ಥಾಯ್ಲೆಂಡಿಗೆ ಹೋಗೋಣ. 2003ರಲ್ಲಿ ಅಲ್ಲಿನ ಸರ್ಕಾರ ಬಡ ಮತ್ತು ಮಧ್ಯಮ ವರ್ಗದವರಿಗೆ ಅಂತ ಅಗ್ಗದ ಕಂಪ್ಯೂಟರ್ ಯೋಜನೆ ತಂದಿತು. ಕಂಪ್ಯೂಟರಿನ ಬೆಲೆಯೇ ಕಮ್ಮಿ, ಅದರ ಮೇಲೆ ವಿಂಡೋಸ್‌ಗೆ ಪೂರ್ತಿ ಬೆಲೆ ಕೊಡುವುದು ಹೇಗೆ? ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಮಾರಿದರು. ಮೈಕ್ರೋಸಾಫ್ಟ್ ಎಚ್ಚೆತ್ತುಕೊಂಡು ವಿಂಡೋಸ್ ಮತ್ತು ಆಫೀಸ್ ಎರಡನ್ನೂ ಸೇರಿಸಿ ಸುಮಾರು 1,500 ಬಾತ್‌ಗೆ ಕೊಡಲು ಒಪ್ಪಿತು. ಆಗಿನ ಲೆಕ್ಕದಲ್ಲಿ 40 ಡಾಲರಿಗೂ ಕಡಿಮೆ. ಅದುವರೆಗೆ ‘ಜಗತ್ತಿಗೆಲ್ಲ ಹೆಚ್ಚುಕಮ್ಮಿ ಒಂದೇ ಬೆಲೆ’ ಅನ್ನುತ್ತಿದ್ದ ಕಂಪನಿ ಅದು.

ಆದರೆ ಒಂದು ದೇಶದಲ್ಲಿ ಅಷ್ಟು ಇಳಿಸಿದರೆ ಬೇರೆ ದೇಶದವರು ಸುಮ್ನೆ ಇರುತ್ತಾರಾ? ‘ನಮಗೂ ಅದೇ ಬೆಲೆಗೆ ಕೊಡಿ’ ಅನ್ನುತ್ತಾರೆ. ಅದಕ್ಕೆ 2004ರಲ್ಲಿ ಬೇರೆ ದಾರಿ ಹುಡುಕಿದರು. ವಿಂಡೋಸ್ ಎಕ್ಸ್‌ಪಿ ಸ್ಟಾರ್ಟರ್ ಎಡಿಷನ್ ಅಂತ ತಂದರು. ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ, ಆಮೇಲೆ ನಮ್ಮಲ್ಲಿ ಹಿಂದಿಯಲ್ಲೂ ಬಂತು. ಬೆಲೆ ಕಮ್ಮಿ, ಆದರೆ ಒಂದು ಸಲಕ್ಕೆ ಮೂರೇ ಪ್ರೋಗ್ರಾಂ ತೆರೆಯಬಹುದು. ನಾಲ್ಕನೆಯದನ್ನು ತೆರೆಯಲು ಹೋದರೆ, ಇರುವುದರಲ್ಲಿ ಒಂದನ್ನು ಮುಚ್ಚಿ ಅನ್ನುತ್ತದೆ.

ನನ್ನ 60 ಬಿಲ್ಲಿನ ಮಿತಿಯೂ ಅದೇ ಜಾತಿಯದು. ಗಿರಾಕಿ ಕೆಲಸದ ಮಧ್ಯದಲ್ಲಿರುವಾಗ ಅವನಿಗೆ ‘ನೀನು ಕಮ್ಮಿ ರೊಕ್ಕ ಕೊಟ್ಟವನು’ ಅಂತ ನೆನಪಿಸುವ ಬೆಲೆ. ಇನ್ನೊಂದು ವಿಷಯ ಗಮನಿಸಿ. ಆಗ ಪೇಟೆಯಲ್ಲಿ ಕದ್ದ ಕಾಪಿ ಸಿ.ಡಿ. ಬೇಕಾದಷ್ಟು ಸಿಗುತ್ತಿತ್ತು, ಅದರಲ್ಲಿ ಯಾವ ಮಿತಿಯೂ ಇರಲಿಲ್ಲ. ರೊಕ್ಕ ಕೊಟ್ಟವನಿಗೆ ಅರ್ಧ ಮಾಲು, ಕೊಡದವನಿಗೆ ಪೂರ್ತಿ ಮಾಲು! ವಿಂಡೋಸ್ 7 ಬರುವ ಹೊತ್ತಿಗೆ, 2009ರಲ್ಲಿ, ಸ್ಟಾರ್ಟರ್‌ನಿಂದ ಆ ಮೂರು ಪ್ರೋಗ್ರಾಮಿನ ಮಿತಿಯನ್ನು ಅವರೇ ತೆಗೆದುಹಾಕಿದರು.

ಹಾಗಾದರೆ ಅಗ್ಗದ ಪ್ಲಾನಿನಲ್ಲಿ ಏನನ್ನು ಕತ್ತರಿಸಬೇಕು? ಇದಕ್ಕೆ ಒಳ್ಳೆಯ ಉದಾಹರಣೆ ಸಾಫ್ಟ್‌ವೇರಿನ ಪಕ್ಕದ ಮನೆಯಲ್ಲಿ ಇದೆ. ನೆಟ್‌ಫ್ಲಿಕ್ಸ್ ಭಾರತಕ್ಕೆ 2016ರ ಜನವರಿಯಲ್ಲಿ ಬಂದಾಗ ತಿಂಗಳಿಗೆ 500, 650, 800 ರೂಪಾಯಿ ಇಟ್ಟಿತ್ತು. ಆಗ ನಮ್ಮ ಮನೆಗಳಲ್ಲಿ ಕೇಬಲ್ ಟಿವಿಗೆ ಅದರ ಅರ್ಧ ಕೊಡುವುದಕ್ಕೂ ತಕರಾರು ಇತ್ತು. 2018ರ ಕೊನೆಗೆ ಅವರು ಮಲೇಷ್ಯಾದಲ್ಲಿ 17 ರಿಂಗಿಟ್‌ಗೆ ಬರೀ ಮೊಬೈಲಿನಲ್ಲಿ ನೋಡುವ ಪ್ಲಾನನ್ನು ಪರೀಕ್ಷೆಗೆ ಬಿಟ್ಟರು. 2019ರ ಜುಲೈಯಲ್ಲಿ ಅದೇ ಪ್ಲಾನ್ 199 ರೂಪಾಯಿಗೆ ಇಲ್ಲಿಗೂ ಬಂತು.

ಏನು ಕತ್ತರಿಸಿದರು ನೋಡಿ. ಟಿವಿಯಲ್ಲಿ ಬರೋದಿಲ್ಲ, ಚಿತ್ರದ ಸ್ಪಷ್ಟತೆ ಕಮ್ಮಿ. ಆದರೆ ಆ ಪ್ಲಾನ್ ಕೊಳ್ಳುವ ಹುಡುಗ ನೋಡುವುದೇ ಮೊಬೈಲಿನಲ್ಲಿ. ಆರಿಂಚಿನ ಪರದೆಯ ಮೇಲೆ ಅವನಿಗೆ ಆ ವ್ಯತ್ಯಾಸ ಕಾಣುವುದೇ ಇಲ್ಲ. ಎಲ್ಲ ಸಿನಿಮಾನೂ ಇದೆ, ಕೊನೆತನಕ ನೋಡಬಹುದು, ಮಧ್ಯದಲ್ಲಿ ಯಾರೂ ತಡೆಯುವುದಿಲ್ಲ. ಅವನಿಗೆ ಬೇಡದ್ದನ್ನು ತೆಗೆದು, ಬೇಕಾದ್ದನ್ನು ಪೂರ್ತಿ ಬಿಟ್ಟರು. 2021ರ ಡಿಸೆಂಬರಿನಲ್ಲಿ ಮತ್ತೆ ಇಳಿಸಿದರು. ಮೊಬೈಲ್ ಪ್ಲಾನ್ 149 ಆಯಿತು, 499ರ ಬೇಸಿಕ್ ಪ್ಲಾನ್ ಒಂದೇ ಏಟಿಗೆ 199ಕ್ಕೆ ಬಂತು. 2022ರಲ್ಲಿ ಭಾರತದಿಂದ ಬರುವ ಆದಾಯದ ಬೆಳವಣಿಗೆ ಶೇ. 19ರಿಂದ 24ಕ್ಕೆ ಏರಿತು ಅಂತ ಕಂಪನಿಯೇ ಹೇಳಿತು. ಬೆಲೆ ಇಳಿಸಿದ ಮೇಲೆ ಆದಾಯ ಇನ್ನೂ ಜೋರಾಗಿ ಬೆಳೆಯಿತು ಅಂದ್ರೆ, ಮೊದಲಿನ ಬೆಲೆ ಎಷ್ಟು ಜನರನ್ನು ಬಾಗಿಲಲ್ಲೇ ನಿಲ್ಲಿಸಿತ್ತು ಅಂತ ಯೋಚಿಸಿ.

ಇಲ್ಲಿ ಒಂದು ಸಣ್ಣ ಲೆಕ್ಕ. ಹತ್ತು ಡಾಲರ್ ಅಂದ್ರೆ ಬ್ಯಾಂಕಿನ ದರದಲ್ಲಿ 800 ರೂಪಾಯಿಗೂ ಜಾಸ್ತಿ. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಬರುವಷ್ಟು ಸಾಮಾನು ಇಲ್ಲಿ 20-25 ರೂಪಾಯಿಗೆ ಬರುತ್ತದೆ. ಅದನ್ನೇ ಕೊಳ್ಳುವ ಶಕ್ತಿಯ ಲೆಕ್ಕ ಅನ್ನೋದು. ಆ ಲೆಕ್ಕದಲ್ಲಿ ಅದೇ ಹತ್ತು ಡಾಲರ್ 200-250 ರೂಪಾಯಿ. ಡಾಲರ್ ಬೆಲೆಯನ್ನು ಸುಮ್ನೆ ರೂಪಾಯಿಗೆ ಗುಣಿಸಿ ಅಂಟಿಸಿದರೆ, ಅಲ್ಲಿನವನಿಗಿಂತ ನಾಲ್ಕು ಪಟ್ಟು ಭಾರವನ್ನು ಇಲ್ಲಿನವನ ಮೇಲೆ ಹೇರಿದ ಹಾಗೆ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ 2019ರಲ್ಲಿ ಇಲ್ಲಿಗೆ ಬಂದಾಗ ತಿಂಗಳಿಗೆ 119 ರೂಪಾಯಿ ಇಟ್ಟಿತು. ಅಮೆರಿಕದಲ್ಲಿ ಆಗ ಹತ್ತು ಡಾಲರ್. ಇದು ದಯೆ ಅಲ್ಲ, ಗಿರಾಕಿಯ ಜೇಬು ನೋಡಿ ಮಾಡಿದ ವ್ಯಾಪಾರ.

ಹೀಗೆ ದೇಶಕ್ಕೊಂದು ಬೆಲೆ ಇಟ್ಟರೆ ಸೋರಿಕೆ ಆಗುತ್ತದೆ ಅನ್ನೋದೂ ನಿಜ. ಸ್ಟೀಮ್ ಅನ್ನುವ ಗೇಮ್ ಅಂಗಡಿಯಲ್ಲಿ ಬೇರೆ ದೇಶದವರೂ ಟರ್ಕಿಯವರ ಹಾಗೆ ನಟಿಸಿ ಅಗ್ಗಕ್ಕೆ ಕೊಳ್ಳುತ್ತಿದ್ದರು. 2023ರ ನವೆಂಬರಿನಲ್ಲಿ ಅಲ್ಲಿನ ಬೆಲೆಯನ್ನು ಲಿರಾದಿಂದ ಡಾಲರಿಗೆ ಬದಲಿಸಿದರು. ಲಿರಾದ ಏರಿಳಿತವೇ ಕಾರಣ ಅಂತ ಕಂಪನಿ ಹೇಳಿತು. ಅಗ್ಗದ ಬೆಲೆ ತಪ್ಪಿದ್ದು ಮಾತ್ರ ಟರ್ಕಿಯ ಹುಡುಗರಿಗೆ. ನಮ್ಮಂಥ ಸಣ್ಣವರಿಗೆ ಈ ಸೋರಿಕೆಯ ತೊಂದರೆ ಇಲ್ಲ. ಬೆಳಗಾವಿಯ ಕಿರಾಣಿ ಅಂಗಡಿಯ ಉದ್ರಿ ಪದ್ಧತಿಗೆ ಅಂತ ಮಾಡಿದ್ದನ್ನು ಬೋಸ್ಟನ್ನಿನವರು ಕದ್ದು ಏನು ಮಾಡುತ್ತಾರೆ?

ಇನ್ನು ತುಂಡು ಮಾಡುವ ವಿಷಯ. ಶಾಂಪೂ ಬಾಟಲಿ ಕೊಳ್ಳಲಾಗದವರು ಒಂದು ಪ್ಯಾಕೆಟ್ ಕೊಳ್ಳುತ್ತಾರೆ. ತಮಿಳುನಾಡಿನ ಕಡಲೂರಿನಿಂದ ಶುರುವಾದ ಈ ಪ್ಯಾಕೆಟ್ ವ್ಯಾಪಾರ ಇಡೀ ದೇಶಕ್ಕೆ ಹಬ್ಬಿತು, ಮೊಬೈಲ್ ರಿಚಾರ್ಜಿಗೂ ಬಂತು. ಅದೇ ಸ್ಪಾಟಿಫೈ ಇಲ್ಲಿ ದಿನಕ್ಕೆ 13, ವಾರಕ್ಕೆ 39 ರೂಪಾಯಿಯ ಪ್ಯಾಕ್ ಬಿಟ್ಟಿತು. 2015ರಲ್ಲಿ ಗೂಗಲ್ ಪ್ಲೇ ಇಲ್ಲಿ ಆ್ಯಪಿನ ಕನಿಷ್ಠ ಬೆಲೆಯನ್ನು 50 ರೂಪಾಯಿಯಿಂದ 10ಕ್ಕೆ ಇಳಿಸಿತು. ಹಾಡು, ಆಟ, ಡೇಟಾ, ಇವಕ್ಕೆ ಈ ತುಂಡು ಬೆಲೆ ಚೆನ್ನಾಗಿ ಹೊಂದುತ್ತದೆ. ಇವತ್ತು ಇಲ್ಲದಿದ್ದರೆ ನಾಳೆ ನಡೆಯುತ್ತದೆ.

ಆದರೆ ವ್ಯಾಪಾರದ ಲೆಕ್ಕಕ್ಕೆ? ಅಲ್ಲಿ ನಾನು ಎಡವಿದೆ. ಚಿಕ್ಕ ತುಂಡು ಅಂದ್ರೆ ಸುಲಭ ಅಂತ ತಿಂಗಳ ಬಾಡಿಗೆ ಇಟ್ಟೆ. ಎಲ್ಲರೂ ಹಾಗೇ ಹೇಳುತ್ತಾರೆ, ಅಲ್ವಾ? ವರ್ಷಕ್ಕೆ ಆರು ಸಾವಿರ ಅಂದ್ರೆ ಹೆದರುತ್ತಾರೆ, ತಿಂಗಳಿಗೆ ಐನೂರು ಅಂದ್ರೆ ಒಪ್ಪುತ್ತಾರೆ ಅಂತ. ಅಥಣಿ, ಮೂಡಲಗಿ ಕಡೆಯ ಗೊಬ್ಬರ-ಬೀಜದ ಅಂಗಡಿಯವರು ಮೊದಲು ಒಪ್ಪಿದರು. ಆಮೇಲೆ ಮಳೆಗಾಲ ಬಂತು, ಒಬ್ಬೊಬ್ಬರೇ ಬಿಡತೊಡಗಿದರು. ಸಾಫ್ಟ್‌ವೇರಿನಲ್ಲಿ ಏನೋ ದೋಷ ಇದೆ ಅಂತ ನಾವು ಹದಿನೈದು ದಿನ ಅದನ್ನೇ ತಡಕಾಡಿದೆವು.

ದೋಷ ಅಲ್ಲಿ ಇರಲಿಲ್ಲ. ಒಬ್ಬರ ಅಂಗಡಿಯಲ್ಲಿ ಕುಳಿತು ಉದ್ರಿ ವಹಿಯ ಪುಟ ತಿರುಗಿಸಿದಾಗ ಗೊತ್ತಾಯಿತು. ಜೂನ್‌ನಿಂದ ಸಪ್ಟೆಂಬರ್‌ವರೆಗೆ ಬಲಗಡೆಯ ಕಾಲಂ ಖಾಲಿ. ಮಾಲು ಹೋಗುತ್ತಲೇ ಇದೆ, ಜಮಾ ಇಲ್ಲ. ಕಬ್ಬು ಕಾರ್ಖಾನೆಗೆ ಹೋಗಬೇಕು, ಅದರ ಬಿಲ್ಲು ರೈತನ ಖಾತೆಗೆ ಬೀಳಬೇಕು, ಆಗ ಆ ಕಾಲಂ ತುಂಬುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ರೊಕ್ಕ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಎಷ್ಟು ಸಲ ತಡವಾಗುತ್ತದೆ ಅಂತ ಇಲ್ಲಿ ಕುಳಿತ ಪ್ರತಿ ರೈತನ ಮನೆಯ ಹುಡುಗನಿಗೂ ಗೊತ್ತು. ಆ ಅಂಗಡಿಯವರಿಗೆ ಆಗಸ್ಟಿನ ಐನೂರು ರೂಪಾಯಿ ಜನವರಿಯ ಮೂರು ಸಾವಿರಕ್ಕಿಂತ ಭಾರ.

ಬೆಲೆಯಲ್ಲಿ ಒಂದು ರೂಪಾಯಿಯೂ ಇಳಿಸಲಿಲ್ಲ. ವರ್ಷಕ್ಕೊಮ್ಮೆ, ಜನವರಿ-ಫೆಬ್ರವರಿಯಲ್ಲಿ ಕೊಡಿ ಅಂದೆವು. ಯಾರಾದರೂ ತಡ ಮಾಡಿದರೂ ಸಾಫ್ಟ್‌ವೇರ್ ನಿಲ್ಲಿಸುವುದಿಲ್ಲ ಅಂದೆವು. ಬಿಟ್ಟವರಲ್ಲಿ ಬಹಳ ಜನ ತಿರುಗಿ ಬಂದರು. ಪೇಟೆಯ ಬಟ್ಟೆ, ಪಾತ್ರೆ, ಕಿರಾಣಿ ಅಂಗಡಿಗಳಿಗೆ ದೀಪಾವಳಿ ಮುಗಿದ ಮೇಲೆ ಹೋಗುತ್ತೇವೆ. ಪಾಡ್ಯಕ್ಕೆ ಹೊಸ ವಹಿ ಪೂಜೆ ಆಗಿರುತ್ತದೆ, ಗಲ್ಲಾದಲ್ಲಿ ಹಬ್ಬದ ರೊಕ್ಕ ಇರುತ್ತದೆ, ಲೆಕ್ಕದ ಖರ್ಚಿಗೆ ಮನಸ್ಸೂ ಇರುತ್ತದೆ. ಉದ್ಯಮಬಾಗದ ಫೌಂಡ್ರಿಗಳದ್ದು ಮತ್ತೆ ಬೇರೆ. ಅವರಿಗೆ ಮಾರ್ಚ್ 31 ಮುಖ್ಯ. ಜಿಲ್ಲೆ ಒಂದೇ, ಮೂರು ಕ್ಯಾಲೆಂಡರ್.

ರೊಕ್ಕ ಯಾವ ದಾರಿಯಲ್ಲಿ ಬರುತ್ತದೆ ಅನ್ನೋದೂ ಬೆಲೆಯ ಭಾಗವೇ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಕಟ್ ಆಗುವ ಪದ್ಧತಿ ಮೇಲೆ ಎಷ್ಟೋ ಕಂಪನಿಗಳು ನಿಂತಿದ್ದವು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. ಕಟ್ ಆಗುವ 24 ಗಂಟೆ ಮುಂಚೆ ಗಿರಾಕಿಗೆ ತಿಳಿಸಬೇಕು, 5,000 ರೂಪಾಯಿಗಿಂತ ಜಾಸ್ತಿ ಇದ್ದರೆ ಪ್ರತಿ ಸಲ ಒಪ್ಪಿಗೆ ಬೇಕು. 2022ರಲ್ಲಿ ಆ ಮಿತಿಯನ್ನು 15,000ಕ್ಕೆ ಏರಿಸಿದರು. ಶುರುವಿನಲ್ಲಿ ಬಹಳ ಪಾವತಿಗಳು ನಿಂತುಹೋದವು, ಕಂಪನಿಗಳು ಗೋಳಾಡಿದವು. ನನಗೆ ಆ ನಿಯಮ ಸರಿ ಅನ್ನಿಸುತ್ತದೆ. ಗಿರಾಕಿ ಮರೆತಿದ್ದಾನೆ ಅನ್ನುವುದರ ಮೇಲೆ ನಿಂತ ಆದಾಯ ನಮಗೆ ಬೇಡ. ಈಗಂತೂ ಯುಪಿಐ ಆಟೋಪೇ ಇದೆ. ಆದರೂ ನಮ್ಮ ಕಡೆ ದೊಡ್ಡ ದಾರಿ ಯಾವುದು ಗೊತ್ತಾ? ಹತ್ತಿಪ್ಪತ್ತು ಅಂಗಡಿಗಳ ಲೆಕ್ಕ ಬರೆದು, ಜಿಎಸ್‌ಟಿ ರಿಟರ್ನ್ ತುಂಬಿ ಕೊಡುವ ಅಕೌಂಟೆಂಟ್ ಹುಡುಗರು. ಅವರು ‘ತಗೊಳ್ರಿ ಕಾಕಾ, ಛಲೋ ಐತಿ’ ಅಂದ್ರೆ ಮುಗೀತು. ಅವರಿಗೆ ಕೊಡುವ ಕಮಿಷನ್ ಬೆಲೆಯೊಳಗೇ ಇರಬೇಕು.

ಜಿಎಸ್‌ಟಿ ಅಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಸಾಫ್ಟ್‌ವೇರಿಗೆ ಶೇ. 18 ತೆರಿಗೆ. 5,000 ಅಂತ ಹೇಳಿ ಕೊನೆಗೆ 5,900ರ ಬಿಲ್ ಕೊಟ್ಟರೆ ನಂಬಿಕೆ ಹೋಗುತ್ತದೆ. ದೊಡ್ಡ ವ್ಯಾಪಾರಿ ಆ 900ನ್ನು ತಾನು ಕಟ್ಟಬೇಕಾದ ತೆರಿಗೆಯಿಂದ ಕಡಿತ ಮಾಡಿಕೊಳ್ಳುತ್ತಾನೆ. ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಅಂದ್ರೆ ಒಟ್ಟು ಮಾರಾಟದ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ, ಸಣ್ಣ ಅಂಗಡಿಯವನಿಗೆ ಆ ಸೌಲಭ್ಯ ಇಲ್ಲ. ಅವನಿಗೆ ನಿಜವಾಗಿ 5,900ನೇ ಬೆಲೆ. ಅಂದ್ರೆ ಒಂದೇ ಬೆಲೆ ಇಟ್ಟರೂ ಸಣ್ಣವನೇ ಜಾಸ್ತಿ ಕೊಟ್ಟ ಹಾಗಾಯಿತು. ಅದಕ್ಕೆ ಸಣ್ಣವರಿಗೆ ತೆರಿಗೆ ಸೇರಿಸಿದ ಬೆಲೆಯನ್ನೇ ಹೇಳಿ.

ರವಿವಾರ ಪೇಟೆಯಲ್ಲಿ ನನಗೆ ಜಾಸ್ತಿ ಸಲ ಕೇಳಿದ ಪ್ರಶ್ನೆ ಒಂದೇ: “ಒಮ್ಮೆ ತಗೊಂಡ್ರ ಮುಗೀತಲ್ರೀ, ಮತ್ತ ವರ್ಷಾ ವರ್ಷಾ ಯಾಕ ರೊಕ್ಕ?” ಇದನ್ನು ತಿಳಿವಳಿಕೆ ಇಲ್ಲದ ಮಾತು ಅನ್ನಬೇಡಿ. ತಕ್ಕಡಿ ಕೊಂಡವನು ತಕ್ಕಡಿಗೆ ವರ್ಷ ವರ್ಷ ಬಾಡಿಗೆ ಕಟ್ಟುತ್ತಾನಾ? ನಮ್ಮ ದೇಶದ ವ್ಯಾಪಾರಿಗಳ ಮನಸ್ಸನ್ನು ಇದರಲ್ಲಿ ಸರಿಯಾಗಿ ಹಿಡಿದದ್ದು ಟ್ಯಾಲಿ. ವ್ಯಾಪಾರದ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುವ, 1986ರಲ್ಲಿ ಶುರುವಾದ ಬೆಂಗಳೂರಿನ ಕಂಪನಿ. ಒಮ್ಮೆ ಕೊಂಡರೆ ಲೈಸೆನ್ಸ್ ಶಾಶ್ವತ. ಹೊಸ ಸುಧಾರಣೆ ಬೇಕಾದರೆ ಮಾತ್ರ ನಿಗದಿತ ಅವಧಿಗೆ ಬೇರೆ ಹಣ. ಕಟ್ಟದಿದ್ದರೂ ಹಳೇದು ಕೆಲಸ ಮಾಡುತ್ತದೆ, ನಿಮ್ಮ ಲೆಕ್ಕ ನಿಮ್ಮ ಹತ್ತಿರವೇ ಇರುತ್ತದೆ. ಜಗತ್ತೆಲ್ಲ ಬಾಡಿಗೆ ಪದ್ಧತಿಗೆ ಹೋದ ಮೇಲೂ ಇದು ಇಲ್ಲಿ ನಡೆಯುತ್ತಿದೆ. ನಾವೂ ಈಗ ಆ ಆಯ್ಕೆ ಕೊಡುತ್ತೇವೆ.

ಈಗ ಪುಕ್ಕಟೆಯ ಬಗ್ಗೆ. ಏಷ್ಯಾದ ಸಾಫ್ಟ್‌ವೇರ್ ಕಥೆ ಅಂದ್ರೆ ಅರ್ಧ ಪುಕ್ಕಟೆಯ ಕಥೆ. 1998ರಲ್ಲಿ ಬಿಲ್ ಗೇಟ್ಸ್ ಚೀನಾದ ಬಗ್ಗೆ ಮಾತಾಡುತ್ತಾ, ಹೇಗೂ ಕದಿಯುತ್ತಾರೆ ಅಂದ್ರೆ ನಮ್ಮದನ್ನೇ ಕದಿಯಲಿ, ಮುಂದೆ ಯಾವತ್ತಾದರೂ ರೊಕ್ಕ ಕೊಡುತ್ತಾರೆ ಅನ್ನುವ ಅರ್ಥದ ಮಾತು ಹೇಳಿದ್ದರು. ಕಾಯುವುದು ಉದ್ದ ಆಯಿತು. ಬಿಎಸ್‌ಎ ಅನ್ನುವ ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟದ ಲೆಕ್ಕದಲ್ಲಿ 2017ರಲ್ಲೂ ಲೈಸೆನ್ಸ್ ಇಲ್ಲದ ಸಾಫ್ಟ್‌ವೇರ್ ಚೀನಾದಲ್ಲಿ ಶೇ. 66, ಭಾರತದಲ್ಲಿ 56, ಇಂಡೋನೇಷ್ಯಾದಲ್ಲಿ 83 ಇತ್ತು. ಏಷ್ಯಾದ ಜಾಣರು ಮಾಲಿಗೆ ರೊಕ್ಕ ಕೇಳುವುದನ್ನೇ ಬಿಟ್ಟರು. ಕೊರಿಯಾದ ನೆಕ್ಸಾನ್ ಅನ್ನುವ ಗೇಮ್ ಕಂಪನಿ ಆಟವನ್ನು ಪುಕ್ಕಟೆ ಕೊಟ್ಟು, ಆಟದೊಳಗಿನ ಸಾಮಾನು ಮಾರಿತು. ಚೀನಾದಲ್ಲಿ 2003ರಲ್ಲಿ ಶುರುವಾದ ಟಾವೊಬಾವೊ ಅನ್ನುವ ಆನ್‌ಲೈನ್ ಪೇಟೆ ಮಾರಾಟಗಾರರಿಂದ ಶುಲ್ಕವನ್ನೇ ತೆಗೆದುಕೊಳ್ಳಲಿಲ್ಲ. ಮೊದಲು ಶುಲ್ಕ ಹಾಕುತ್ತಿದ್ದ ಅಮೆರಿಕದ ಎದುರಾಳಿ ಇಬೇ 2006ರ ಕೊನೆಗೆ ಅಲ್ಲಿನ ತನ್ನ ತಾಣವನ್ನೇ ಮುಚ್ಚಿತು.

ನಮ್ಮ ಚಹಾದಂಗಡಿಯಲ್ಲೂ ಇದೇ ನಡೆದಿದೆ. ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕ ಸೊನ್ನೆ. ಆ್ಯಪ್ ಪುಕ್ಕಟೆ, ಕ್ಯೂಆರ್ ಪುಕ್ಕಟೆ. ಆದರೆ ‘ಇಪ್ಪತ್ತು ರೂಪಾಯಿ ಬಂದಿದೆ’ ಅಂತ ಕೂಗುವ ಆ ಸಣ್ಣ ಡಬ್ಬಿಗೆ ತಿಂಗಳಿಗೆ ನೂರು ರೂಪಾಯಿ ಆಸುಪಾಸು ಬಾಡಿಗೆ. ಚಹಾ ಸೋಸುವ ಕೈ ಒದ್ದೆ, ಮೊಬೈಲ್ ತೆಗೆದು ನೋಡಲು ಪುರುಸೊತ್ತಿಲ್ಲ, ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರ ಭಯ ಬೇರೆ. ಆ ಭಯವನ್ನು ತೆಗೆಯುವುದಕ್ಕೆ ಅವನು ಖುಷಿಯಿಂದ ರೊಕ್ಕ ಕೊಡುತ್ತಾನೆ. ಏಷ್ಯಾದ ಬೆಲೆ ಪದ್ಧತಿಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ಈಚೆಗೆ ಚಾಟ್‌ಜಿಪಿಟಿಯವರು ಇನ್ನೂ ಮುಂದೆ ಹೋದರು. 1,999 ರೂಪಾಯಿಯ ಪ್ಲಾನ್ ಇಲ್ಲಿ ಜನರಿಗೆ ಎಟುಕಲಿಲ್ಲ. 2025ರ ಆಗಸ್ಟಿನಲ್ಲಿ ‘ಗೋ’ ಅನ್ನುವ 399 ರೂಪಾಯಿಯ ಪ್ಲಾನನ್ನು ಮೊದಲು ಭಾರತಕ್ಕೇ ತಂದರು. ಅದೂ ತೆರಿಗೆ ಸೇರಿಸಿ, ಯುಪಿಐನಲ್ಲಿ ಕಟ್ಟುವ ಹಾಗೆ. ಮುಂದಿನ ತಿಂಗಳು ಇಂಡೋನೇಷ್ಯಾಗೆ 75,000 ರುಪಿಯಾಗೆ ಹೋಯಿತು. ನವೆಂಬರಿನಲ್ಲಿ ಇಲ್ಲಿ ಹೊಸದಾಗಿ ಸೇರಿದವರಿಗೆ ಒಂದು ವರ್ಷ ಪುಕ್ಕಟೆ ಅಂದರು. ನಮ್ಮ ಹುಡುಗರಿಗೆ ಇಂಥ ಸಾಧನ ಕೈಗೆ ಸಿಕ್ಕಿದ್ದು ಒಳ್ಳೇದೇ. ಆದರೆ ಅಷ್ಟು ದಿನ ಪುಕ್ಕಟೆ ಕೊಡುವ ಶಕ್ತಿ ಇರುವವರ ಮುಂದೆ ಬೆಳಗಾವಿಯ ಮೂರು ಜನರ ಕಂಪನಿ ಹೇಗೆ ನಿಲ್ಲುತ್ತದೆ ಅನ್ನೋದು ನನ್ನನ್ನು ರಾತ್ರಿ ಎಚ್ಚರ ಇಡುವ ಪ್ರಶ್ನೆ. ನಾವು ಪುಕ್ಕಟೆಯಲ್ಲಿ ಅವರ ಜೊತೆ ಓಡಬಾರದು. ಮಳೆಗಾಲದ ಉದ್ರಿ ವಹಿ ಅವರಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಅದರಲ್ಲಿ ಒಂದನ್ನು ಬರೆಯಲೇಬೇಕು.

ವಡಗಾವಿಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಮನೆಯಲ್ಲಿ ಪವರ್‌ಲೂಮ್ ಇದೆ. ಯಾವ ಮಗ್ಗದಲ್ಲಿ ಎಷ್ಟು ಸೀರೆ ಇಳಿಯಿತು, ಯಾರಿಗೆ ಎಷ್ಟು ಮಜೂರಿ ಅಂತ ಲೆಕ್ಕ ಇಡುವ ಆ್ಯಪ್ ಮಾಡಿದ್ದಾಳೆ. ತಿಂಗಳಿಗೆ 199 ಇಡಬೇಕು ಅಂದುಕೊಂಡಿದ್ದೇನೆ, ಸರಿನಾ ಅಂತ ಕೇಳಿದಳು.

“ನಿಮ್ಮ ಅಪ್ಪನ ಕೈಗೆ ರೊಕ್ಕ ಯಾವಾಗ ಬರುತ್ತದೆ?” ಅಂದೆ.

“ಸೀರೆ ಕೊಟ್ಟ ಮ್ಯಾಲ ಶೇಠ್ ಕೊಡ್ತಾರ್ರೀ ಸರ. ಅದೂ ಒಮ್ಮೆಕ್ಕೆ ಪೂರ್ತಿ ಕೊಡೂದಿಲ್ಲ.”

“ಹಾಗಾದರೆ ತಿಂಗಳು ಬೇಡ. ಸೀರೆಗೆ ಇಷ್ಟು ಅಂತ ಇಡು. ಒಂದು ರೂಪಾಯಿಯೋ ಎರಡೋ.”

“ವ್ಯಾಪಾರ ಇಲ್ಲದ ದಿನಾ ಮಗ್ಗಾ ನಿಂತಿರತಾವ್ರೀ.”

“ಆವಾಗ ಬಿಲ್ ಬೇಡ.”

ಅವಳ ಪಕ್ಕದ ಹುಡುಗ ಕೈ ಎತ್ತಿದ. “ಸರ, ಮಗ್ಗಾ ನಿಂತ್ರೂ ಸರ್ವರ್ ಬಾಡಿಗಿ ನಿಲ್ಲೂದಿಲ್ಲಲ್ರೀ?”

ಸರಿಯಾದ ಪ್ರಶ್ನೆ. ಮೂವರೂ ಮುಂದಿನ ಬೆಂಚಿನಲ್ಲಿ ಕುಳಿತೆವು. ಸರ್ವರ್ ಬಾಡಿಗೆ ವರ್ಷಕ್ಕೆ ಎಷ್ಟು, ಮಗ್ಗಗಳು ವರ್ಷಕ್ಕೆ ಎಷ್ಟು ವಾರ ನಿಲ್ಲುತ್ತವೆ, ಒಂದು ಮಗ್ಗಕ್ಕೆ ವಾರಕ್ಕೆ ಎಷ್ಟು ಸೀರೆ ಅಂತ ಅವಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯುತ್ತಾ ಹೋದಳು. ನಿಂತ ವಾರಗಳ ಸಾಲಿನ ಮುಂದೆ ಏನೂ ಬರೆಯಲಿಲ್ಲ. ಮನೆಗೆ ಹೋಗಿ ಅಪ್ಪನನ್ನು ಕೇಳಿ ತುಂಬುತ್ತೇನೆ ಅಂದಳು.